ಕಾರ್ಟ್‌ನಲ್ಲಿಟ್ಟ ಕಂಪ್ಯೂಟರ್‌ನ ಬೆಲೆ ರಾತ್ರೋರಾತ್ರಿ ಬದಲಾಗುವುದೇಕೆ?

ಬೆಳಿಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು. ನಿಮ್ಮ ಮೊಬೈಲ್‌ನಲ್ಲಿ ಒಂದು, ಮನೆಯ ಇನ್ನೊಬ್ಬರ ಖಾತೆಯಲ್ಲಿ ಮತ್ತೊಂದು. ನಾಳೆ ತೆಗೆದುಕೊಂಡರಾಯಿತು ಎಂದು ಕಾರ್ಟ್‌ನಲ್ಲಿಟ್ಟ ಲ್ಯಾಪ್‌ಟಾಪ್ ಮರುದಿನ ನೂರಕ್ಕೆ ಎಂಟು ಹತ್ತರಷ್ಟು ಏರಿ ಕೂತಿರುತ್ತದೆ. ಇನ್ನು ತಡಮಾಡಬಾರದೆಂದು ಕೊಂಡುಬಿಟ್ಟರೆ, ಮುಂದಿನ ವಾರ ಅದೇ ಮಾದರಿ ಅಗ್ಗವಾಗಿರುತ್ತದೆ. ಆನ್‌ಲೈನ್‌ನಲ್ಲಿ ಕಂಪ್ಯೂಟರ್ ಹುಡುಕಿದವರಿಗೆಲ್ಲ ಗೊತ್ತಿರುವ ಕಿರಿಕಿರಿ ಇದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ವಿಪರೀತ ಏರಿದ ಮೇಲಂತೂ, ಹೊಸ ಕಂಪ್ಯೂಟರ್ ಬೇಕಾದವರ ಗೊಂದಲ ಇನ್ನಷ್ಟು ಹೆಚ್ಚಿತು.

ಈ ಏರಿಳಿತಕ್ಕೆ ಒಂದೇ ಕಾರಣವಿಲ್ಲ. ಕೆಲವು ಕಾರಣಗಳು ನಿಮಿಷಗಳ ಲೆಕ್ಕದಲ್ಲಿ ಬೆಲೆಯನ್ನು ಅಲುಗಾಡಿಸುತ್ತವೆ, ಕೆಲವು ವಾರಗಳ ಲೆಕ್ಕದಲ್ಲಿ, ಮತ್ತೆ ಕೆಲವು ವರ್ಷಗಟ್ಟಲೆ. ಕಣ್ಣೆದುರಿನ ಬದಲಾವಣೆ ಇವುಗಳಲ್ಲಿ ಯಾವ ಬಗೆಯದು ಎಂದು ಗುರುತಿಸಲು ಬಂದರೆ, ಕಾಯಬೇಕೋ ಈಗಲೇ ಕೊಳ್ಳಬೇಕೋ ಎಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ.

ಪುಟ ಒಂದು, ಮಾರುವವರು ಹಲವರು

ದೊಡ್ಡ ಮಾರಾಟ ತಾಣಗಳಲ್ಲಿ ಒಂದು ಮಾದರಿಯ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಒಂದೇ ಪುಟ ಇರುತ್ತದೆ. ಅದನ್ನು ಮಾರುವ ಸೆಲ್ಲರ್‌ಗಳು ಮಾತ್ರ ಹಲವರು. ಒಂದೇ ಕಿಟಕಿಯ ಹಿಂದೆ ಹತ್ತು ವ್ಯಾಪಾರಿಗಳು ನಿಂತಿದ್ದು, ಒಂದು ಹೊತ್ತಿಗೆ ಒಬ್ಬರಷ್ಟೇ ಮುಂದೆ ಬಂದು ಮುಖ ತೋರಿಸಿದ ಹಾಗೆ ಇದು. ‘ಈಗಲೇ ಕೊಳ್ಳಿ’ ಗುಂಡಿಯ ಮೇಲೆ ಕಾಣುವುದು ಆ ಹೊತ್ತಿಗೆ ಮುಂದಿರುವ ಸೆಲ್ಲರ್ ಹಾಕಿದ ಬೆಲೆ. ಯಾರು ಮುಂದೆ ಬರಬೇಕೆಂಬುದನ್ನು ತಾಣದ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಬೆಲೆಯ ಜೊತೆಗೆ ಸ್ಟಾಕ್ ಇದೆಯೇ, ಎಷ್ಟು ಬೇಗ ತಲುಪಿಸಬಲ್ಲರು, ಹಿಂದಿನ ಆರ್ಡರ್‌ಗಳಲ್ಲಿ ದೂರುಗಳಿವೆಯೇ ಎಂಬುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ರಾತ್ರೋರಾತ್ರಿ ಬೆಲೆ ಜಿಗಿಯುವುದಕ್ಕೆ ತೀರಾ ಸಾಮಾನ್ಯವಾದ ಕಾರಣ ಇಲ್ಲಿಯೇ ಇದೆ. ಒಂದು ಲ್ಯಾಪ್‌ಟಾಪ್ ಮೂವರ ಬಳಿ ಇದೆ, ಅವರ ಬೆಲೆ ಕ್ರಮವಾಗಿ 100, 104 ಮತ್ತು 112 ಎಂದಿಟ್ಟುಕೊಳ್ಳಿ. ಮೊದಲನೆಯವರ ಬಳಿ ಇದ್ದ ಎರಡು ಮೂರು ಪೀಸ್‌ಗಳು ಮಧ್ಯಾಹ್ನಕ್ಕೆ ಮಾರಾಟವಾದವು. ಪುಟದಲ್ಲಿ ಈಗ 104 ಕಾಣುತ್ತದೆ. ರಾತ್ರಿ ಎರಡನೆಯವರದೂ ಖಾಲಿಯಾಯಿತು, ಬೆಳಿಗ್ಗೆ 112. ಈ ನಡುವೆ ಮೂವರಲ್ಲಿ ಯಾರೂ ಬೆಲೆ ಏರಿಸಿಲ್ಲ. ನೋಡುವವರಿಗೆ ಮಾತ್ರ ನೂರಕ್ಕೆ ಹನ್ನೆರಡರಷ್ಟು ಏರಿದಂತೆ ಕಾಣುತ್ತದೆ. ಮೊದಲ ಸೆಲ್ಲರ್‌ಗೆ ಹೊಸ ಸ್ಟಾಕ್ ಬಂದ ದಿನ ಮತ್ತೆ 100.

ಇದನ್ನು ಗುರುತಿಸುವುದು ಸುಲಭ. ಬೆಲೆಯ ಜೊತೆಗೆ ಸೆಲ್ಲರ್‌ನ ಹೆಸರನ್ನೂ ಬರೆದಿಟ್ಟುಕೊಳ್ಳಿ. ಬೆಲೆ ಬದಲಾದಾಗ ಹೆಸರೂ ಬದಲಾಗಿದ್ದರೆ, ಅದು ಸ್ಟಾಕ್‌ನಿಂದಾದ ಜಿಗಿತ. ಹಳೆಯ ಸೆಲ್ಲರ್‌ಗೆ ಸ್ಟಾಕ್ ಬರುವವರೆಗೆ ಕಾದರೆ ಹಳೆಯ ಬೆಲೆ ಮರಳುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಹೆಸರು ಅದೇ ಇದ್ದು ಬೆಲೆ ಮಾತ್ರ ಬದಲಾಗಿದ್ದರೆ, ಅವರೇ ಬದಲಾಯಿಸಿದ್ದಾರೆ ಎಂದರ್ಥ.

ಇನ್ನು ಕಾರ್ಟ್ ವಿಷಯ. ಕಾರ್ಟ್‌ಗೆ ಹಾಕಿದೊಡನೆ ಬೆಲೆ ನಮ್ಮದಾಯಿತು ಎಂಬ ಭಾವನೆ ಬಹಳ ಜನರಲ್ಲಿದೆ. ಬಹುತೇಕ ತಾಣಗಳಲ್ಲಿ ಕಾರ್ಟ್ ಎಂಬುದು ಬರೀ ನೆನಪಿನ ಪಟ್ಟಿ. ವಸ್ತುವನ್ನೂ ಅದು ಕಾದಿರಿಸುವುದಿಲ್ಲ, ಬೆಲೆಯನ್ನೂ ಹಿಡಿದಿಡುವುದಿಲ್ಲ. ಬೆಲೆ ನಿಲ್ಲುವುದು ಆರ್ಡರ್ ಮುಗಿದಾಗ. ಗಡಿಯಾರ ಓಡುವ ಸೀಮಿತ ಅವಧಿಯ ಡೀಲ್‌ಗಳಲ್ಲಿ ಮಾತ್ರ, ಕಾರ್ಟ್‌ಗೆ ಹಾಕಿದ ಮೇಲೆ ಕೆಲವು ನಿಮಿಷ ಆ ಬೆಲೆಯನ್ನು ನಿಮಗಾಗಿ ಇಟ್ಟಿರುವುದುಂಟು.

ಬೆಲೆ ಹಾಕುವುದು ಮನುಷ್ಯರಲ್ಲ

ಸಾವಿರಾರು ವಸ್ತುಗಳನ್ನು ಮಾರುವ ಸೆಲ್ಲರ್ ಒಂದೊಂದರ ಬೆಲೆಯನ್ನೂ ಕೂತು ಯೋಚಿಸುವುದಿಲ್ಲ. ಆ ಕೆಲಸವನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಿರುತ್ತಾರೆ. ಅದಕ್ಕೆ ಕೊಡುವ ಸೂಚನೆಗಳು ಸರಳ: ಇದಕ್ಕಿಂತ ಕೆಳಗೆ ಇಳಿಯಬೇಡ, ಇದಕ್ಕಿಂತ ಮೇಲೆ ಹೋಗಬೇಡ, ಎದುರಾಳಿ ಸೆಲ್ಲರ್‌ಗಿಂತ ನೂರಕ್ಕೆ ಒಂದು ಕಡಿಮೆ ಇಡು, ಎದುರಾಳಿಯ ಸ್ಟಾಕ್ ಮುಗಿದರೆ ಮೇಲಿನ ಮಿತಿಗೆ ಹೋಗು. ಎದುರಾಳಿಯ ಬಳಿಯೂ ಇಂಥದೇ ಸಾಫ್ಟ್‌ವೇರ್. ಒಂದು ಇಳಿಸಿದರೆ ಇನ್ನೊಂದು ಅದಕ್ಕಿಂತ ಇಳಿಸುತ್ತದೆ. ಹೀಗೆ ಬೆಲೆ ದಿನಕ್ಕೆ ಹಲವು ಬಾರಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಜಾರುತ್ತಾ ಬರುತ್ತದೆ. ಒಬ್ಬರು ತಮ್ಮ ಕೆಳಮಿತಿ ಮುಟ್ಟಿ ಸ್ಪರ್ಧೆ ಬಿಟ್ಟು ಮೇಲೆ ಹೋದರೆ, ಇನ್ನೊಬ್ಬರದೂ ಅದರ ಹಿಂದೆಯೇ ಮೇಲೇರುತ್ತದೆ. ಬೆಲೆಯ ಇತಿಹಾಸದ ಗ್ರಾಫ್‌ನಲ್ಲಿ ಗರಗಸದ ಹಲ್ಲಿನಂಥ ಗೆರೆ ಕಂಡರೆ ಅದು ಇದೇ ಆಟ.

ಮನುಷ್ಯರ ಕಣ್ಗಾವಲಿಲ್ಲದೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ 2011ರ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ ನಡೆದದ್ದು ಒಳ್ಳೆಯ ಉದಾಹರಣೆ. ನೊಣದ ಬೆಳವಣಿಗೆಯ ಕುರಿತ ಒಂದು ಶೈಕ್ಷಣಿಕ ಪುಸ್ತಕವನ್ನು ಇಬ್ಬರು ಸೆಲ್ಲರ್‌ಗಳು ಮಾರಾಟಕ್ಕಿಟ್ಟಿದ್ದರು. ಒಬ್ಬರ ಸಾಫ್ಟ್‌ವೇರ್ ಎದುರಾಳಿಯ ಬೆಲೆಯನ್ನು 0.9983ರಿಂದ ಗುಣಿಸಿ ತನ್ನ ಬೆಲೆ ಇಡುತ್ತಿತ್ತು. ಅಂದರೆ ಒಂದು ಚೂರು ಕಡಿಮೆ. ಇನ್ನೊಬ್ಬರದು 1.270589ರಿಂದ ಗುಣಿಸುತ್ತಿತ್ತು. ಎರಡನ್ನೂ ಗುಣಿಸಿ ನೋಡಿ, ಪ್ರತಿ ಸುತ್ತಿಗೂ ಬೆಲೆ ನೂರಕ್ಕೆ 27ರಷ್ಟು ಏರುತ್ತದೆ. ಯಾರಾದರೂ ಗಮನಿಸಿ ತಡೆಯುವ ಹೊತ್ತಿಗೆ ಅದು ಎರಡು ಕೋಟಿ ಮೂವತ್ತಾರು ಲಕ್ಷ ಡಾಲರ್ ದಾಟಿತ್ತು. ಕಂಪ್ಯೂಟರ್ ಭಾಗಗಳಲ್ಲಿಯೂ ಒಮ್ಮೊಮ್ಮೆ ಹಳೆಯ ಮದರ್‌ಬೋರ್ಡ್ ಒಂದಕ್ಕೆ ಹೊಸದರ ಮೂರು ಪಟ್ಟು ಬೆಲೆ ಕಾಣುವುದುಂಟು. ಅದು ಯಾರೋ ಯೋಚಿಸಿ ಇಟ್ಟ ಬೆಲೆಯಾಗಿರಬೇಕಿಲ್ಲ.

ಕೊಳ್ಳುವವರು ಇದರಿಂದ ತಿಳಿಯಬೇಕಾದ್ದು ಇಷ್ಟೇ: ದಿನದೊಳಗಿನ ನೂರಕ್ಕೆ ಒಂದು ಎರಡರಷ್ಟು ಏರಿಳಿತಕ್ಕೆ ಅರ್ಥವಿಲ್ಲ. ಅದರ ಬೆನ್ನು ಹತ್ತಿ ಗಂಟೆಗೊಮ್ಮೆ ಪುಟ ತೆರೆಯುವುದು ವ್ಯರ್ಥ ಶ್ರಮ.

ಹುಡುಕಾಟದ ಪಟ್ಟಿಯಲ್ಲಿ ಒಂದು ಬೆಲೆ, ಒಳಗೆ ಹೋದರೆ ಬೇರೆ ಬೆಲೆ ಕಾಣುವುದು ಇನ್ನೊಂದು ದೂರು. ಪಟ್ಟಿಯ ಪುಟ ಬೇಗ ತೆರೆಯಲೆಂದು ತಾಣಗಳು ಅದರ ಹಳೆಯ ಪ್ರತಿಯನ್ನು ಸ್ವಲ್ಪ ಹೊತ್ತು ಉಳಿಸಿಕೊಂಡು ತೋರಿಸುತ್ತವೆ. ಬೇರೆ ಬೇರೆ ಅಂಗಡಿಗಳ ಬೆಲೆ ಹೋಲಿಸುವ ತಾಣಗಳೂ ಕೆಲವು ಗಂಟೆಗಳಿಗೊಮ್ಮೆ ಮಾತ್ರ ಬೆಲೆಯನ್ನು ನವೀಕರಿಸುವುದುಂಟು. ನಂಬಬೇಕಾದ ಅಂಕಿ ಒಂದೇ: ಹಣ ಕಟ್ಟುವ ಕೊನೆಯ ಪುಟದಲ್ಲಿರುವ ಒಟ್ಟು ಮೊತ್ತ.

ಹೆಸರು ಒಂದೇ, ಒಳಗಿರುವುದು ಬೇರೆ

ಬೆಲೆ ಬದಲಾಯಿತು ಎಂದು ದೂರುವವರಲ್ಲಿ ಕೆಲವರು ನಿಜಕ್ಕೂ ನೋಡಿರುವುದು ಎರಡು ಬೇರೆ ಕಂಪ್ಯೂಟರ್‌ಗಳನ್ನು. ಇದು ಹಣ ಕಳೆದುಕೊಳ್ಳುವ ಜಾಗ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಲ್ಯಾಪ್‌ಟಾಪ್ ಮೇಲೆ ದೊಡ್ಡದಾಗಿ ಬರೆದಿರುವ ಹೆಸರು ಒಂದು ಸರಣಿಯ ಹೆಸರು. ಅದರಡಿಯಲ್ಲಿ ಹತ್ತಾರು ಬಗೆಗಳಿರುತ್ತವೆ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಈ ಮೂರನ್ನು (ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್, ಕೆಲಸದ ಹೊತ್ತಿನ ತಾತ್ಕಾಲಿಕ ಮೆಮೊರಿ, ಕಡತಗಳನ್ನು ಉಳಿಸುವ ಸಂಗ್ರಹ) ಎಲ್ಲರೂ ಹೋಲಿಸುತ್ತಾರೆ. ಮೂರೂ ಒಂದೇ ಆಗಿದ್ದು ಬೆಲೆ ಬೇರೆ ಇದ್ದರೆ ವ್ಯತ್ಯಾಸ ಸಾಮಾನ್ಯವಾಗಿ ಈ ಕಡೆ ಇರುತ್ತದೆ:

ಪರದೆ. ನಿಟ್ ಎಂಬುದು ಬೆಳಕಿನ ಅಳತೆ, ಎನ್‌ಟಿಎಸ್‌ಸಿ ಮತ್ತು ಎಸ್‌ಆರ್‌ಜಿಬಿ ಎಂಬುವು ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದರ ಅಳತೆಗಳು. ಒಂದರಲ್ಲಿ 250 ನಿಟ್ ಬೆಳಕು, ನೂರಕ್ಕೆ 45 ಎನ್‌ಟಿಎಸ್‌ಸಿ ಬಣ್ಣ. ಇನ್ನೊಂದರಲ್ಲಿ 300 ಅಥವಾ 400 ನಿಟ್, ನೂರಕ್ಕೆ 100 ಎಸ್‌ಆರ್‌ಜಿಬಿ. ಮೊದಲನೆಯದರಲ್ಲಿ ಬಣ್ಣ ಮಂಕು, ಕಿಟಕಿಯ ಪಕ್ಕ ಕೂತರೆ ಓದುವುದು ಕಷ್ಟ. ಕೊಂಡ ಮೇಲೆ ಪರದೆಯನ್ನು ಸುಲಭವಾಗಿ ಬದಲಾಯಿಸಲಾಗದು. ಆದ್ದರಿಂದ ಅಗ್ಗದ ಬಗೆಯನ್ನು ಆರಿಸುವ ಮೊದಲು ಈ ಸಾಲನ್ನು ಓದಲೇಬೇಕು.

ಗ್ರಾಫಿಕ್ಸ್ ಚಿಪ್‌ಗೆ ಸಿಗುವ ವಿದ್ಯುತ್. ಎನ್ವಿಡಿಯಾದ ಲ್ಯಾಪ್‌ಟಾಪ್ ಆರ್‌ಟಿಎಕ್ಸ್ 4060 ಚಿಪ್ ಅನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವ ಮಟ್ಟದಲ್ಲಾದರೂ ಓಡಿಸಬಹುದು. ಚಿಪ್‌ನ ಹೆಸರು ಎರಡು ಲ್ಯಾಪ್‌ಟಾಪ್‌ಗಳಲ್ಲೂ ಒಂದೇ, ಆಟದಲ್ಲಿ ಸಿಗುವ ವೇಗ ಬೇರೆಯೇ. ಬಿಡಿಯಾಗಿ ಕೊಳ್ಳುವ ಕಾರ್ಡ್‌ಗಳಲ್ಲಿಯೂ ಇಂಥದಿದೆ. ಜಿಟಿ 1030 ಎಂಬ ಕಾರ್ಡ್ ಜಿಡಿಡಿಆರ್5 ಮೆಮೊರಿಯ ಬಗೆಯಲ್ಲಿ ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸಿದರೆ, ನಿಧಾನವಾದ ಡಿಡಿಆರ್4 ಮೆಮೊರಿ ಹಾಕಿದ ಅದೇ ಹೆಸರಿನ ಕಾರ್ಡ್ 17 ಗಿಗಾಬೈಟ್‌ಗೂ ಕಡಿಮೆ ಸಾಗಿಸುತ್ತದೆ.

ರ‍್ಯಾಮ್ ಜೋಡಣೆ. 16 ಜಿಬಿ ಎಂದರೆ ಒಂದೇ ಕಡ್ಡಿಯೂ ಇರಬಹುದು, ಎಂಟೆಂಟರ ಎರಡೂ ಇರಬಹುದು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಎರಡು ಕಡ್ಡಿ ಇದ್ದರೆ ಮೆಮೊರಿಗೆ ಎರಡು ದಾರಿ ಸಿಕ್ಕಿ, ಚಿತ್ರ ಮೂಡಿಸುವ ಕೆಲಸ ಚುರುಕಾಗುತ್ತದೆ. ರ‍್ಯಾಮ್ ಬೋರ್ಡ್‌ಗೆ ಬೆಸುಗೆ ಹಾಕಿದ್ದೋ ಬದಲಾಯಿಸಬಹುದಾದ್ದೋ ಎಂಬುದನ್ನೂ ನೋಡಿ. ಬೆಸುಗೆ ಹಾಕಿದ 8 ಜಿಬಿ ಎಂದರೆ ಆ ಯಂತ್ರ ಇರುವವರೆಗೂ, ಬೇರೆ ಸ್ಲಾಟ್ ಇಲ್ಲದಿದ್ದರೆ, 8 ಜಿಬಿಯೇ.

ಬಣ್ಣ ಬದಲಿಸಿದರೆ ಬೆಲೆ ಬದಲಾಗುವುದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ತಾಣದ ಲೆಕ್ಕದಲ್ಲಿ ಬೂದು ಬಣ್ಣದ್ದು ಒಂದು ವಸ್ತು, ಬೆಳ್ಳಿ ಬಣ್ಣದ್ದು ಇನ್ನೊಂದು. ಒಂದೊಂದಕ್ಕೂ ಬೇರೆ ಸ್ಟಾಕ್, ಬೇರೆ ಸೆಲ್ಲರ್‌ಗಳು. ಬಣ್ಣದ ಹಟ ಇಲ್ಲದವರಿಗೆ ಇದೇ ಅತಿ ಸುಲಭದ ಉಳಿತಾಯ.

ಈ ಗೊಂದಲಕ್ಕೆಲ್ಲ ಮದ್ದು ಪಾರ್ಟ್ ನಂಬರ್. ಸರಣಿಯ ಹೆಸರಿನ ಬದಲು, ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಕೊಟ್ಟಿರುವ ಉದ್ದನೆಯ ಅಕ್ಷರ ಮತ್ತು ಅಂಕಿಗಳ ಸಾಲನ್ನು ಬರೆದುಕೊಳ್ಳಿ. ಕೊನೆಯ ಅಕ್ಷರದವರೆಗೂ ಹೊಂದಿದರೆ ಮಾತ್ರ ಅದೇ ಕಂಪ್ಯೂಟರ್. ಅಡ್ಡಗೆರೆಯ ನಂತರದ ಎರಡು ಮೂರು ಅಕ್ಷರ ಬದಲಾದರೂ ಕೀಬೋರ್ಡ್ ಭಾಷೆ, ಮಾರಾಟದ ದೇಶ ಅಥವಾ ಪರದೆ ಬೇರೆ ಇರಬಹುದು. ಆ ನಂಬರ್ ಅನ್ನು ತಯಾರಕರ ತಾಣದಲ್ಲಿ ಹುಡುಕಿದರೆ ಪೂರ್ತಿ ವಿವರ ಸಿಗುತ್ತದೆ. ಪುಟದಲ್ಲಿ ಪಾರ್ಟ್ ನಂಬರ್ ಕೊಡದ ಸೆಲ್ಲರ್‌ನಿಂದ ಕೊಳ್ಳದಿರುವುದು ಒಳ್ಳೆಯದು.

ಕೆಲವು ಸೆಲ್ಲರ್‌ಗಳು ಡಬ್ಬ ಬಿಚ್ಚಿ, ತಾವೇ ಹೆಚ್ಚಿನ ರ‍್ಯಾಮ್ ಅಥವಾ ಎಸ್‌ಎಸ್‌ಡಿ ಹಾಕಿ ಮಾರುತ್ತಾರೆ. 32 ಜಿಬಿ ರ‍್ಯಾಮ್ ಇದ್ದೂ ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ವಿವರಣೆಯ ಕೊನೆಯ ಸಾಲುಗಳನ್ನು ಓದಿ. ‘ಅಪ್‌ಗ್ರೇಡ್ ಮಾಡಲು ಸೀಲ್ ತೆರೆಯಲಾಗಿದೆ’ ಎಂಬ ಮಾತು ಅಲ್ಲಿರುತ್ತದೆ. ಹಾಗೆ ಹಾಕಿದ ಭಾಗಕ್ಕೆ ತಯಾರಕರ ವಾರಂಟಿ ಇರುವುದಿಲ್ಲ. ರಿಫರ್ಬಿಶ್ಡ್, ಅಂದರೆ ಹಿಂದಿರುಗಿ ಬಂದದ್ದನ್ನು ಸರಿಪಡಿಸಿ ಮಾರುವ ಯಂತ್ರಗಳೂ ಅದೇ ಪುಟದ ಇನ್ನೊಂದು ಆಯ್ಕೆಯಾಗಿ ಬರುವುದರಿಂದ ‘ಹೊಸದು’ ಎಂಬ ಪದವನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಕಾರ್ಖಾನೆಯಿಂದ ಬರುವ ಅಲೆ

ಮೇಲಿನವೆಲ್ಲ ಅಂಗಡಿಯ ಮಟ್ಟದ ಏರಿಳಿತಗಳು. ತಿಂಗಳುಗಟ್ಟಲೆ ನಿಲ್ಲುವ ಬದಲಾವಣೆ ಬರುವುದು ಅದಕ್ಕಿಂತ ಹಿಂದಿನಿಂದ, ಚಿಪ್ ತಯಾರಿಕೆಯಿಂದ.

ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವುದು ಮೂರೇ ಕಂಪನಿಗಳು: ದಕ್ಷಿಣ ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಹೊಸ ಕಾರ್ಖಾನೆ ಕಟ್ಟಿ ಉತ್ಪಾದನೆ ಶುರುಮಾಡಲು ವರ್ಷಗಳೇ ಬೇಕು. ಹಾಗಾಗಿ ಬೇಡಿಕೆ ಇದ್ದಕ್ಕಿದ್ದಂತೆ ಹೆಚ್ಚಿದಾಗ ಪೂರೈಕೆ ಹೆಚ್ಚಲಾರದು, ಬೆಲೆ ಏರುತ್ತದೆ. ಎಲ್ಲರೂ ಒಟ್ಟಿಗೆ ಉತ್ಪಾದನೆ ಹೆಚ್ಚಿಸಿದಾಗ ಕುಸಿಯುತ್ತದೆ. ಈ ಚಕ್ರ ದಶಕಗಳಿಂದ ತಿರುಗುತ್ತಿದೆ.

1993ರಲ್ಲಿ ಜಪಾನಿನ ಸುಮಿಟೊಮೊ ಕಂಪನಿಯ ಒಂದು ರಾಸಾಯನಿಕ ಕಾರ್ಖಾನೆಗೆ ಬೆಂಕಿ ಬಿದ್ದು, ಚಿಪ್‌ಗಳನ್ನು ಮುಚ್ಚಲು ಬಳಸುವ ಎಪಾಕ್ಸಿ ರಾಳದ ಪೂರೈಕೆ ನಿಂತಿತು. ರ‍್ಯಾಮ್ ಬೆಲೆ ದಿಢೀರನೆ ಜಿಗಿಯಿತು. 2011ರಲ್ಲಿ ಥಾಯ್ಲೆಂಡಿನ ಪ್ರವಾಹದಲ್ಲಿ ವೆಸ್ಟರ್ನ್ ಡಿಜಿಟಲ್ ಮುಂತಾದವರ ಘಟಕಗಳು ಮುಳುಗಿ, ಹಾರ್ಡ್ ಡಿಸ್ಕ್‌ಗಳು ಕೆಲವೇ ವಾರಗಳಲ್ಲಿ ದುಬಾರಿಯಾದವು. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಗಾಗಿ, ಅಂದರೆ ಕಂಪ್ಯೂಟರ್ ಲೆಕ್ಕಗಳ ಮೂಲಕ ಡಿಜಿಟಲ್ ನಾಣ್ಯ ಗಳಿಸಲು, ಗ್ರಾಫಿಕ್ಸ್ ಕಾರ್ಡ್‌ಗಳನ್ನು ರಾಶಿಗಟ್ಟಲೆ ಕೊಂಡದ್ದರಿಂದ ಅವು ಘೋಷಿತ ಬೆಲೆಗಿಂತ ಎಷ್ಟೋ ಮೇಲೆ ಮಾರಾಟವಾದವು. 2022ರ ಸೆಪ್ಟೆಂಬರ್‌ನಲ್ಲಿ ಅಂಥ ನಾಣ್ಯಗಳ ಜಾಲಗಳಲ್ಲೊಂದಾದ ಇಥೀರಿಯಂ ಗಣಿಗಾರಿಕೆಯ ಪದ್ಧತಿಯನ್ನೇ ಕೈಬಿಟ್ಟಿತು. ಆ ಬೇಡಿಕೆಯೂ ಅಲ್ಲಿಗೆ ಬಿತ್ತು. 2025ರ ಏರಿಕೆಗೆ ಕಾರಣ ಕೃತಕ ಬುದ್ಧಿಮತ್ತೆಯ (ಎಐ) ದತ್ತಾಂಶ ಕೇಂದ್ರಗಳು. ಅವುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚು, ಆದ್ದರಿಂದ ತಯಾರಕರು ತಮ್ಮ ಸಾಮರ್ಥ್ಯವನ್ನು ಆ ಕಡೆ ತಿರುಗಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರಾಂಡ್‌ನ ಮೆಮೊರಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು.

ಇಂಥ ಅಲೆ ಎಲ್ಲ ವಸ್ತುಗಳಿಗೂ ಒಂದೇ ದಿನ ತಟ್ಟುವುದಿಲ್ಲ ಎಂಬುದು ಕೊಳ್ಳುವವರಿಗೆ ಬಹಳ ಉಪಯುಕ್ತವಾದ ಸಂಗತಿ. ಮೆಮೊರಿ ಚಿಪ್‌ಗಳಿಗೆ ಎರಡು ಮಾರುಕಟ್ಟೆಗಳಿವೆ. ದಿನದಿನದ ಬೆಲೆಯಲ್ಲಿ ನಡೆಯುವ ಸ್ಪಾಟ್ ಮಾರುಕಟ್ಟೆ ಒಂದು. ದೊಡ್ಡ ಕಂಪನಿಗಳು ತಿಂಗಳುಗಳ ಮಟ್ಟಿಗೆ ಮೊದಲೇ ಮಾಡಿಕೊಳ್ಳುವ ಒಪ್ಪಂದ ಇನ್ನೊಂದು. ಬಿಡಿಯಾಗಿ ಮಾರುವ ರ‍್ಯಾಮ್ ಕಡ್ಡಿಗಳಿಗೆ ಸ್ಪಾಟ್ ಬೆಲೆಯ ಬಿಸಿ ಬೇಗ ತಟ್ಟುತ್ತದೆ. ಲ್ಯಾಪ್‌ಟಾಪ್ ತಯಾರಕರು ಒಪ್ಪಂದದ ಬೆಲೆಯಲ್ಲಿ ಕೊಂಡಿದ್ದು, ಅಂಗಡಿಗಳಲ್ಲಿ ಹಳೆಯ ಸ್ಟಾಕೂ ಇರುವುದರಿಂದ ಲ್ಯಾಪ್‌ಟಾಪ್ ಬೆಲೆ ಏರಲು ಹೆಚ್ಚು ಸಮಯ ಹಿಡಿಯುತ್ತದೆ. ರ‍್ಯಾಮ್ ಕಡ್ಡಿಗಳು ಏರಲು ಶುರುವಾಗಿ, ಲ್ಯಾಪ್‌ಟಾಪ್‌ಗಳು ಇನ್ನೂ ಹಳೆಯ ಬೆಲೆಯಲ್ಲಿದ್ದರೆ, ಹೇಗೂ ಕೊಳ್ಳಬೇಕಾದವರು ಕಾಯುವುದರಲ್ಲಿ ಅರ್ಥವಿಲ್ಲ. ಇಳಿಯುವಾಗಲೂ ಕಡ್ಡಿಗಳು ಮೊದಲು, ಲ್ಯಾಪ್‌ಟಾಪ್‌ಗಳು ಆಮೇಲೆ.

ಹೊಸ ಮಾದರಿಗಳ ಬಿಡುಗಡೆ ಇನ್ನೊಂದು ಕಾರಣ. ಜನವರಿಯ ಸಿಇಎಸ್ ಮತ್ತು ಮೇ–ಜೂನ್ ಹೊತ್ತಿನ ತೈಪೆಯ ಕಂಪ್ಯೂಟೆಕ್ಸ್ ಮೇಳಗಳಲ್ಲಿ ಬಹಳಷ್ಟು ಹೊಸ ಲ್ಯಾಪ್‌ಟಾಪ್, ಪ್ರೊಸೆಸರ್‌ಗಳ ಘೋಷಣೆ ಆಗುತ್ತದೆ. ಘೋಷಣೆಯಾದ ದಿನವೇ ಹಳೆಯದು ಅಗ್ಗವಾಗುವುದಿಲ್ಲ. ಹೊಸದು ಅಂಗಡಿಗೆ ಬಂದು ಹಳೆಯದನ್ನು ಖಾಲಿ ಮಾಡಲೇಬೇಕಾದಾಗ ಇಳಿಯುತ್ತದೆ. ಆಗಲೂ ಜನ ಇಷ್ಟಪಡುವ ಬಗೆಗಳು ಮೊದಲು ಮುಗಿದು, ಕಡಿಮೆ ರ‍್ಯಾಮ್‌ನ, ಮಂಕು ಪರದೆಯ ಬಗೆಗಳು ಉಳಿದಿರುತ್ತವೆ.

ಇಳಿಕೆ ನಿಲ್ಲುವಂಥದೋ ತಾತ್ಕಾಲಿಕವೋ ಎಂದು ತಿಳಿಯಲು ಒಂದು ಗುರುತಿದೆ. ತಯಾರಕರು ಅಧಿಕೃತವಾಗಿ ಬೆಲೆ ಇಳಿಸುವಾಗ, ಅಂಗಡಿಗಳಲ್ಲಿ ಈಗಾಗಲೇ ಇರುವ ಸ್ಟಾಕ್‌ಗೂ ವ್ಯತ್ಯಾಸ ತುಂಬಿಕೊಡುವ ಒಪ್ಪಂದ ಹಲವೆಡೆ ಇರುತ್ತದೆ. ಆದ್ದರಿಂದ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೆಲೆ ಇಳಿಯುತ್ತದೆ. ಎಲ್ಲರೂ ಇಳಿಸಿದ್ದರೆ ಅದು ಸಾಮಾನ್ಯವಾಗಿ ಉಳಿಯುವ ಇಳಿಕೆ, ಅವಸರ ಬೇಡ. ಒಬ್ಬರೇ ಇಳಿಸಿದ್ದರೆ ಸ್ಟಾಕ್ ಮುಗಿಯುವವರೆಗೆ ಅಷ್ಟೇ.

ನೋಡುವವರನ್ನು ನೋಡಿ ಬೆಲೆ ಇಡುತ್ತಾರೆಯೇ?

‘ನಾನು ಪದೇ ಪದೇ ನೋಡಿದ್ದಕ್ಕೇ ಬೆಲೆ ಏರಿಸಿದರು’ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ವ್ಯಕ್ತಿಗೆ ತಕ್ಕ ಬೆಲೆ ಇಡುವುದು ತಾಂತ್ರಿಕವಾಗಿ ಸಾಧ್ಯ, ಅಂಥ ಪ್ರಯೋಗಗಳೂ ನಡೆದಿವೆ. 2000ದ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಒಂದೇ ಡಿವಿಡಿಯನ್ನು ಬೇರೆ ಬೇರೆ ಜನರಿಗೆ ಬೇರೆ ಬೇರೆ ಬೆಲೆಗೆ ಮಾರಿದ್ದು ಬಯಲಾಯಿತು. ಅದು ಯಾದೃಚ್ಛಿಕ ಪರೀಕ್ಷೆಯಷ್ಟೇ ಎಂದ ಕಂಪನಿ, ಹೆಚ್ಚು ಕೊಟ್ಟವರಿಗೆ ವ್ಯತ್ಯಾಸದ ಹಣ ಮರಳಿಸಿತು. 2012ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಕಚೇರಿ ಸಾಮಗ್ರಿ ಮಾರುವ ಸ್ಟೇಪಲ್ಸ್ ತಾಣದಲ್ಲಿ ಗಿರಾಕಿ ಇರುವ ಸ್ಥಳಕ್ಕೆ ತಕ್ಕಂತೆ ಬೆಲೆ ಬದಲಾಗುವುದನ್ನು ತೋರಿಸಿತು. ಎದುರಾಳಿ ಕಂಪನಿಯ ಅಂಗಡಿ ಹತ್ತಿರದಲ್ಲಿ ಇರುವವರಿಗೆ ಹೆಚ್ಚಾಗಿ ಕಡಿಮೆ ಬೆಲೆ ಕಾಣುತ್ತಿತ್ತು.

ಅದೇ ವರ್ಷ ಪ್ರವಾಸ ತಾಣ ಆರ್ಬಿಟ್ಜ್, ಮ್ಯಾಕ್ ಕಂಪ್ಯೂಟರ್ ಬಳಸುವವರಿಗೆ ದುಬಾರಿ ಹೋಟೆಲ್‌ಗಳನ್ನು ಪಟ್ಟಿಯಲ್ಲಿ ಮೇಲೆ ತೋರಿಸುತ್ತಿದ್ದದ್ದು ಸುದ್ದಿಯಾಯಿತು. ಇಲ್ಲಿನ ಸೂಕ್ಷ್ಮ ಗಮನಿಸಬೇಕು: ಒಂದೇ ಕೋಣೆಗೆ ಬೇರೆ ಬೆಲೆ ಇಟ್ಟಿರಲಿಲ್ಲ, ಪಟ್ಟಿಯ ಕ್ರಮವನ್ನಷ್ಟೇ ಬದಲಾಯಿಸಿದ್ದರು. ಕಂಪ್ಯೂಟರ್ ಹುಡುಕುವಾಗಲೂ ‘ನಿಮಗಾಗಿ’ ಎಂಬ ಕ್ರಮದಲ್ಲಿ ಬಂದ ಪಟ್ಟಿಯನ್ನು ‘ಬೆಲೆ: ಕಡಿಮೆಯಿಂದ ಹೆಚ್ಚಿಗೆ’ ಎಂದು ಬದಲಾಯಿಸಿ ನೋಡುವುದು ಈ ಕಾರಣಕ್ಕೆ.

ಎರಡು ಮೊಬೈಲ್‌ಗಳಲ್ಲಿ ಎರಡು ಬೆಲೆ ಕಂಡರೆ ಮೊದಲು ಶಂಕಿಸಬೇಕಾದ್ದು ಕೂಪನ್ ಅನ್ನು. ಹೊಸ ಗ್ರಾಹಕರಿಗೆ, ಸದಸ್ಯತ್ವ ಇದ್ದವರಿಗೆ, ಆ್ಯಪ್‌ನಲ್ಲಿ ಕೊಳ್ಳುವವರಿಗೆ ಬೇರೆ ಬೇರೆ ಕೂಪನ್ ಕೊಟ್ಟು, ಅದನ್ನು ಕಳೆದ ಬೆಲೆಯನ್ನೇ ದೊಡ್ಡದಾಗಿ ತೋರಿಸುವುದು ಸಾಮಾನ್ಯ. ಎರಡನೆಯದು ವಿಳಾಸ: ಪಿನ್‌ಕೋಡ್ ಬದಲಾದರೆ ಯಾವ ಗೋದಾಮಿನಿಂದ, ಯಾವ ಸೆಲ್ಲರ್ ಕಳಿಸಬಲ್ಲರು ಎಂಬುದೇ ಬದಲಾಗುತ್ತದೆ. ಪರೀಕ್ಷಿಸಬೇಕೆಂದರೆ ಬ್ರೌಸರ್‌ನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ, ಲಾಗಿನ್ ಆಗದೆ, ಅದೇ ಪಿನ್‌ಕೋಡ್ ಹಾಕಿ, ಸೆಲ್ಲರ್‌ನ ಹೆಸರನ್ನೂ ಹೋಲಿಸಿ ನೋಡಿ. ಇಷ್ಟೆಲ್ಲ ಒಂದೇ ಆಗಿದ್ದೂ ಬೆಲೆ ಬೇರೆ ಇದ್ದರೆ ಮಾತ್ರ ಅನುಮಾನಕ್ಕೆ ಆಧಾರವಿದೆ.

ಅಡ್ಡಗೆರೆ ಎಳೆದ ಬೆಲೆ

ದೊಡ್ಡ ಅಂಕಿಯೊಂದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನೂರಕ್ಕೆ 35ರಷ್ಟು ರಿಯಾಯಿತಿ ಎಂದಿರುತ್ತದೆ. ಆ ದೊಡ್ಡ ಅಂಕಿ ತಯಾರಕರು ಸೂಚಿಸಿದ ಬೆಲೆ ಇರಬಹುದು. ಆ ಬೆಲೆಗೆ ಅದು ಒಂದು ದಿನವೂ ಮಾರಾಟವಾಗದೆ ಇರಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಬೆಲೆ ಇಳಿಸಿದ್ದೇವೆ ಎಂದು ಸಾರುವವರು ಹಿಂದಿನ ಕನಿಷ್ಠ 30 ದಿನಗಳ ಅತಿ ಕಡಿಮೆ ಬೆಲೆಯನ್ನು ಹೇಳಬೇಕು. ನಿಯಮ ಇರಲಿ ಇಲ್ಲದಿರಲಿ, ಕೊಳ್ಳುವವರು ಹಿಡಿಯಬೇಕಾದ ಅಳತೆ ಅದೇ. ರಿಯಾಯಿತಿಯ ಶೇಕಡಾವಾರು ಎಷ್ಟೆಂದು ನೋಡದೆ, ಕಳೆದ ಒಂದು ತಿಂಗಳಲ್ಲಿ ಇದು ಎಷ್ಟಕ್ಕೆ ಸಿಗುತ್ತಿತ್ತು ಎಂದು ನೋಡಿ.

‘ಕಾರ್ಟ್‌ಗೆ ಹಾಕಿದರೆ ಬೆಲೆ ಕಾಣುತ್ತದೆ’ ಎಂಬ ಸೂಚನೆ ಕೆಲವೆಡೆ ಇರುತ್ತದೆ. ತಯಾರಕರು ಅಂಗಡಿಗಳ ಮೇಲೆ, ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತು ಮಾಡಬಾರದು ಎಂಬ ಷರತ್ತು ಹಾಕಿರುತ್ತಾರೆ. ಕಡಿಮೆಗೆ ಮಾರಬಹುದು, ಪುಟದಲ್ಲಿ ತೋರಿಸುವಂತಿಲ್ಲ. ಅದರಲ್ಲಿ ಮೋಸವೇನೂ ಇಲ್ಲ.

ಬ್ಯಾಂಕ್ ಕಾರ್ಡ್ ರಿಯಾಯಿತಿಗೆ ಗರಿಷ್ಠ ಮಿತಿ ಇರುತ್ತದೆ. ನೂರಕ್ಕೆ ಹತ್ತು ಎಂದಿದ್ದರೂ, ಕಂಪ್ಯೂಟರ್‌ನಂಥ ದೊಡ್ಡ ಮೊತ್ತಕ್ಕೆ ಆ ಮಿತಿಯಿಂದಾಗಿ ನೂರಕ್ಕೆ ಮೂರೋ ನಾಲ್ಕೋ ಸಿಗುವುದುಂಟು. ಬಡ್ಡಿಯಿಲ್ಲದ ಕಂತು ಎಂದಿದ್ದರೆ, ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಬೆಲೆ ಎಷ್ಟು, ಸಂಸ್ಕರಣಾ ಶುಲ್ಕ ಎಷ್ಟು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ.

ಗುರಿ ಬೆಲೆ ಗೊತ್ತುಮಾಡುವ ಬಗೆ

ಮೊದಲು ಪಾರ್ಟ್ ನಂಬರ್ ಮಟ್ಟದಲ್ಲಿ ಎರಡು ಅಥವಾ ಮೂರು ಯಂತ್ರಗಳನ್ನು ಆರಿಸಿಕೊಳ್ಳಿ. ಒಂದೇ ಯಂತ್ರಕ್ಕೆ ಮನಸ್ಸು ಕಟ್ಟಿದರೆ ಅದರ ಸೆಲ್ಲರ್ ಕೇಳಿದ್ದನ್ನು ಕೊಡಬೇಕಾಗುತ್ತದೆ. ಬೆಲೆಯ ಇತಿಹಾಸ ನೋಡಲು ಅಮೆಜಾನ್‌ಗಾದರೆ ಕೀಪಾ, ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ತಾಣಗಳಿವೆ, ಬಿಡಿಭಾಗಗಳಿಗೆ ಪಿಸಿಪಾರ್ಟ್‌ಪಿಕರ್. ಇವು ನಿಮ್ಮ ದೇಶದ ಅಂಗಡಿಗಳನ್ನು ತೋರಿಸದಿದ್ದರೆ ಮೂರು ವಾರ ದಿನಕ್ಕೊಮ್ಮೆ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ, ನೀವೇ ಬರೆದಿಡಿ. ಐದು ಕಲಂ ಸಾಕು: ದಿನಾಂಕ, ಸೆಲ್ಲರ್, ಪುಟದ ಬೆಲೆ, ಕೂಪನ್ ಕಳೆದು ಸಾಗಣೆ ಮತ್ತು ತೆರಿಗೆ ಸೇರಿದ ಒಟ್ಟು ಮೊತ್ತ, ಸ್ಟಾಕ್ ಇದೆಯೇ.

ಮೂರು ವಾರದ ಮೊತ್ತಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಮಧ್ಯದಲ್ಲಿ ಬರುವುದು ಆ ಯಂತ್ರದ ನಿಜವಾದ ಚಾಲ್ತಿ ಬೆಲೆ. ಅತಿ ಕಡಿಮೆಯದು ಒಂದೇ ದಿನ ಬಂದಿದ್ದರೆ ಅದನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಎರಡು ಪೀಸ್ ಇದ್ದ ಸೆಲ್ಲರ್‌ನ ಬೆಲೆ ಅದಾಗಿರಬಹುದು, ಅಥವಾ ತಪ್ಪಾಗಿ ಬಿದ್ದ ಅಂಕಿಯೂ ಆಗಿರಬಹುದು. ತಪ್ಪು ಬೆಲೆಯ ಆರ್ಡರ್‌ಗಳನ್ನು ರದ್ದುಮಾಡುವ ಹಕ್ಕನ್ನು ತಾಣಗಳು ಷರತ್ತಿನಲ್ಲಿ ಉಳಿಸಿಕೊಂಡಿರುತ್ತವೆ. ಕನಿಷ್ಠ ಮೂರು ದಿನ ಕಂಡ ಕಡಿಮೆ ಬೆಲೆಯನ್ನು ಗುರಿ ಮಾಡಿಕೊಂಡು, ಆ ಬೆಲೆಗೆ ಅಲರ್ಟ್ ಇಡಿ. ಜೊತೆಗೆ ಒಂದು ಕೊನೆಯ ದಿನಾಂಕವೂ ಇರಲಿ. ಆ ದಿನದೊಳಗೆ ಗುರಿ ಬೆಲೆ ಬರದಿದ್ದರೆ ಚಾಲ್ತಿ ಬೆಲೆಗೆ ಕೊಂಡುಬಿಡಿ. ಕೆಲಸಕ್ಕೆ ಬೇಕಾದ ಯಂತ್ರ ತಿಂಗಳುಗಟ್ಟಲೆ ಇಲ್ಲದಿರುವುದೂ ನಷ್ಟವೇ.

ಬಿಡಿಭಾಗ ಕೊಂಡು ಜೋಡಿಸುವವರಿಗೆ

ಎಲ್ಲ ಭಾಗಗಳೂ ಒಂದೇ ರೀತಿ ಏರಿಳಿಯುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಚಂಚಲ. ಕ್ಯಾಬಿನೆಟ್, ಪವರ್ ಸಪ್ಲೈ, ಕೂಲರ್ ಹೆಚ್ಚುಕಡಿಮೆ ಸ್ಥಿರ. ಹಾಗೆಂದು ಒಂದೊಂದನ್ನೂ ಅದು ಅಗ್ಗವಾದ ದಿನ ಕೊಂಡು ಎರಡು ಮೂರು ತಿಂಗಳು ಕೂಡಿಡುವುದರಲ್ಲಿ ಅಪಾಯವಿದೆ. ಮೊದಲು ಕೊಂಡ ಮದರ್‌ಬೋರ್ಡ್ ಕೆಟ್ಟಿದ್ದರೆ, ಕೊನೆಯ ಭಾಗ ಬಂದು ಆನ್ ಮಾಡಿ ನೋಡುವ ಹೊತ್ತಿಗೆ ಅದರ ರಿಟರ್ನ್ ಅವಧಿ ಮುಗಿದಿರುತ್ತದೆ. ಆಮೇಲೆ ಉಳಿಯುವುದು ವಾರಂಟಿಯ ದಾರಿ, ಅದಕ್ಕೆ ವಾರಗಳು ಹಿಡಿಯುತ್ತವೆ.

ಆದ್ದರಿಂದ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಪವರ್ ಸಪ್ಲೈ ಮತ್ತು ಕೂಲರ್ ಈ ಐದನ್ನೂ ಒಂದೇ ವಾರದಲ್ಲಿ ಕೊಳ್ಳಿ. ಇಷ್ಟಿದ್ದರೆ ಕ್ಯಾಬಿನೆಟ್ ಇಲ್ಲದೆಯೂ, ಮದರ್‌ಬೋರ್ಡ್ ಅನ್ನು ಅದರ ಡಬ್ಬದ ಮೇಲೆ ಇಟ್ಟು ಆನ್ ಮಾಡಿ, ಕಂಪ್ಯೂಟರ್ ಶುರುವಾಗುವಾಗ ಮೊದಲು ಕಾಣುವ ಬಯಾಸ್ ಎಂಬ ಸೆಟ್ಟಿಂಗ್ಸ್ ಪರದೆ ಬರುತ್ತದೆಯೇ, ರ‍್ಯಾಮ್ ಪೂರ್ತಿ ಕಾಣುತ್ತದೆಯೇ ಎಂದು ಪರೀಕ್ಷಿಸಬಹುದು. ಗ್ರಾಫಿಕ್ಸ್ ಕಾರ್ಡ್‌ಗಾಗಿ ಕಾಯಬೇಕೆಂದಿದ್ದರೆ ಪ್ರೊಸೆಸರ್‌ನಲ್ಲಿಯೇ ಗ್ರಾಫಿಕ್ಸ್ ಇರಬೇಕು. ಇಂಟೆಲ್ ಪ್ರೊಸೆಸರ್‌ನ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಅಂಥದನ್ನು ಅಗ್ಗವೆಂದು ಕೊಂಡು ಕಾರ್ಡ್‌ಗೆ ಕಾಯುತ್ತಾ ಕೂತರೆ ಪರದೆಯ ಮೇಲೆ ಏನೂ ಮೂಡದು, ಪರೀಕ್ಷೆಯೂ ಆಗದು. ರ‍್ಯಾಮ್ ಅಗ್ಗವಾಗಿ ಸಿಕ್ಕಿತೆಂದು ಮೊದಲೇ ಕೊಳ್ಳುವಾಗ ಡಿಡಿಆರ್4 ಮತ್ತು ಡಿಡಿಆರ್5 ಎಂಬ ಎರಡು ತಲೆಮಾರಿನ ಕಡ್ಡಿಗಳಲ್ಲಿ ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ ಎಂಬುದು ನೆನಪಿರಲಿ. ಮದರ್‌ಬೋರ್ಡ್ ಯಾವುದೆಂದು ನಿರ್ಧಾರವಾದ ಮೇಲೆಯೇ ರ‍್ಯಾಮ್.

ಕೊಂಡ ಮೇಲೆ ಬೆಲೆ ಇಳಿದರೆ

ಆರ್ಡರ್ ಇನ್ನೂ ಹೊರಟಿಲ್ಲದಿದ್ದರೆ ರದ್ದುಮಾಡಿ ಹೊಸ ಬೆಲೆಗೆ ಮತ್ತೆ ಹಾಕುವುದು ನೇರ ದಾರಿ. ಇಲ್ಲಿ ಕ್ರಮ ಮುಖ್ಯ: ಮೊದಲು ಹೊಸ ಆರ್ಡರ್ ಪೂರ್ತಿಯಾಗಿ ದೃಢೀಕರಣ ಬರಲಿ, ಆಮೇಲೆ ಹಳೆಯದನ್ನು ರದ್ದುಮಾಡಿ. ತಿರುಗಮುರುಗ ಮಾಡಿದರೆ ನಡುವಿನ ನಿಮಿಷಗಳಲ್ಲಿ ಸ್ಟಾಕ್ ಮುಗಿದು ಎರಡೂ ಕೈತಪ್ಪಬಹುದು. ಹಳೆಯ ಆರ್ಡರ್‌ಗೆ ಒಮ್ಮೆ ಮಾತ್ರ ಬಳಸುವ ಕೂಪನ್ ಬಳಸಿದ್ದರೆ ಅದು ಮರಳುತ್ತದೆಯೇ ಎಂದೂ ನೋಡಿಕೊಳ್ಳಿ.

ಕಂಪ್ಯೂಟರ್ ಕೈಸೇರಿದ ಮೇಲೆ ಇಳಿದರೆ, ಕೆಲವು ಅಂಗಡಿಗಳು ಮತ್ತು ತಯಾರಕರ ಸ್ವಂತ ತಾಣಗಳು ನಿರ್ದಿಷ್ಟ ದಿನಗಳೊಳಗೆ ಕೇಳಿದರೆ ವ್ಯತ್ಯಾಸವನ್ನು ಮರಳಿಸುತ್ತವೆ. ತಾವಾಗಿ ಕೊಡುವುದು ಅಪರೂಪ, ಕೇಳಬೇಕು. ಇಳಿದ ಬೆಲೆ, ಪಾರ್ಟ್ ನಂಬರ್, ಸೆಲ್ಲರ್‌ನ ಹೆಸರು, ದಿನಾಂಕ ನಾಲ್ಕೂ ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಚಾಟ್‌ನಲ್ಲಿ ಕೇಳಿ. ಸೆಲ್ಲರ್ ಬೇರೆಯಾಗಿದ್ದರೆ ಒಪ್ಪುವುದು ಕಡಿಮೆ.

ಅದೂ ಆಗದಿದ್ದರೆ ಹಿಂದಿರುಗಿಸಿ ಮತ್ತೆ ಕೊಳ್ಳುವ ದಾರಿ ಉಳಿಯುತ್ತದೆ. ಅದಕ್ಕೆ ಕೈಹಾಕುವ ಮುನ್ನ ಮೂರು ಸಂಗತಿ ನೋಡಿ: ಸೀಲ್ ಒಡೆದ ಲ್ಯಾಪ್‌ಟಾಪ್ ಅನ್ನು ದೋಷವಿಲ್ಲದೆಯೂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ, ವಾಪಸ್ ಬಂದದ್ದನ್ನು ಮತ್ತೆ ದಾಸ್ತಾನಿಗೆ ಸೇರಿಸುವುದಕ್ಕೆಂದು ಮರುದಾಸ್ತಾನು ಶುಲ್ಕ ಕಡಿಯುತ್ತಾರೆಯೇ, ಹಣ ಮರಳಲು ಎಷ್ಟು ದಿನ. ಬೆಲೆ ಇಳಿದದ್ದು ನೂರಕ್ಕೆ ಆರರಷ್ಟು, ಶುಲ್ಕ ನೂರಕ್ಕೆ ಹತ್ತರಷ್ಟು ಎಂದಾದರೆ ಇದ್ದ ಕಂಪ್ಯೂಟರ್ ಅನ್ನೇ ಇಟ್ಟುಕೊಳ್ಳುವುದು ಲಾಭ. ರಿಟರ್ನ್ ಅವಧಿ ಮುಗಿಯುವವರೆಗೆ ಡಬ್ಬ, ಒಳಗಿನ ಥರ್ಮಾಕೋಲ್, ಚಾರ್ಜರ್‌ನ ಕವರ್ ಯಾವುದನ್ನೂ ಬಿಸಾಡಬೇಡಿ. ಅವಧಿಯ ಕೊನೆಯ ದಿನದ ಹಿಂದಿನ ದಿನ ಒಮ್ಮೆ ಬೆಲೆ ನೋಡಿ, ಆಮೇಲೆ ಅಲರ್ಟ್ ತೆಗೆದುಹಾಕಿ.